ಅರ್ಧಸುತ್ತಿನ ಭಾವ

ರೇಸಿನ ಟ್ರ್ಯಾಕಿನಲ್ಲಿ ನನ್ನ ಭಾವನನ್ನು ಎಲ್ಲರೂ ‘ಅರ್ಧಸುತ್ತು’ ಎಂದೇ ಕರೆಯುತ್ತಿದ್ದರು. ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ ಎಂದು ಒಬ್ಬ ಚಾಲಕ ಬರುತ್ತಿದ್ದ, ಬ್ರೇಕ್ ಒತ್ತಿದರೆ ಮೂತಿ ಎಡಕ್ಕೆ ಎಳೆಯುತ್ತದೆ ಎಂದು ಇನ್ನೊಬ್ಬ. ಭಾವ ಪೂರ್ತಿ ಕೇಳಿಸಿಕೊಂಡು, ಕಾರಿನ ಕೆಳಗೆ ಕೈ ತೂರಿಸಿ, ಚಕ್ರವನ್ನು ಹಿಡಿದಿಡುವ ಯಾವುದೋ ಒಂದು ರಾಡನ್ನು ಅರ್ಧ ಸುತ್ತು ತಿರುಗಿಸಿ, "ಈಗ ಹೋಗ್ ನೋಡಿ" ಎನ್ನುತ್ತಿದ್ದರು. ಹೋಗಿ ಬಂದವನು ಹೆಲ್ಮೆಟ್ ತೆಗೆದು ಹಲ್ಲು ಕಿರಿಯುತ್ತಿದ್ದ. ಅದೇ ಹೆಸರು ಮುಂದೆ ಹನ್ನೊಂದು ವರ್ಷ ಅವರಿಗೆ ಬೈಗುಳವಾಯಿತು. ಅವರ ಅರ್ಧ ಸುತ್ತು ಒಬ್ಬ ಮನುಷ್ಯನ ಜೀವ ತೆಗೆಯಿತು ಎಂದು ಟ್ರ್ಯಾಕೆಲ್ಲ ನಂಬಿತ್ತು. ನಾನೂ ನಂಬಿದ್ದೆ. ಆ ಮಾತನ್ನು ಅವರ ಮುಖಕ್ಕೇ ಹೇಳಿದ್ದೆ ಕೂಡ.

ನಾನು ಅವರ ಹೆಂಡತಿಯ ತಮ್ಮ, ವೆಲ್ಡರ್. ಶೆಡ್ಡಿನಲ್ಲಿ ನನಗೆ ‘ಕಿಡಿ’ ಎಂದು ಹೆಸರು. ನಾನು ಮಾಡುವ ಆರ್ಗಾನ್ ವೆಲ್ಡಿಂಗಿನಲ್ಲಿ ಕಿಡಿ ಹಾರುವುದೇ ಇಲ್ಲ; ಹೆಸರು ಬಂದದ್ದು ನನ್ನ ಬಾಯಿಯಿಂದ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಇಳಿಸಿಕೊಳ್ಳಲು ಯಾರೂ ಕಲಿಸಲಿಲ್ಲ, ನಾನೂ ಕಲಿಯಲಿಲ್ಲ.

ಭಾವ ಹದಿನಾರನೇ ವಯಸ್ಸಿಗೆ ಬಸ್ ಬಾಡಿ ಕಟ್ಟುವ ಕಾರ್ಖಾನೆ ಸೇರಿದವರು. ಓದು ಅಲ್ಲಿಗೇ ನಿಂತಿತು. ಬಾಡಿ ಕೂರಿಸದ ಬರೀ ಚಾಸಿಯನ್ನು ರಸ್ತೆಯಲ್ಲಿ ಓಡಿಸಿಕೊಂಡು ಬರುವಾಗ ಅದು ಹಳ್ಳ ದಿಣ್ಣೆಗಳಲ್ಲಿ ಹೇಗೆ ಮೈ ತಿರುಚುತ್ತದೆ ಎಂದು ಹಿಂದಿನ ಗಾಡಿಯಲ್ಲಿ ಕೂತು ನೋಡಿದ್ದೇ ಅವರ ಕಾಲೇಜು. ಮೊದಲ ರೇಸ್ ಕಾರಿನ ಚಾಸಿಯನ್ನು ಕಬ್ಬಿಣದ ಮಂಚ ಮಾಡುವ ಪೈಪಿನಲ್ಲಿ ಕಟ್ಟಿದ್ದರಂತೆ. "ಮಲಗೋಕೆ ಚೆನ್ನಾಗಿತ್ತು, ಓಡ್ಸೋಕೆ ಆಗ್ಲಿಲ್ಲ" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ನನ್ನ ಅಕ್ಕನನ್ನು ನೋಡಲು ಬಂದ ದಿನ, ಅವಳು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದದ್ದನ್ನು ನೋಡಿ, "ನಿಮ್ಗೆ ಬಲಗಾಲಿನ ಮೇಲೆ ಭಾರ ಜಾಸ್ತಿ ಬೀಳ್ತಿದೆ, ಚಪ್ಪಲಿ ಒಂದ್ ಕಡೆ ಸವೀತಿದೆ ಅಲ್ವಾ?" ಎಂದು ಕೇಳಿದ ಪುಣ್ಯಾತ್ಮ. ಅಕ್ಕ ಒಳಗೆ ಹೋಗಿ ಚಪ್ಪಲಿ ತಿರುಗಿಸಿ ನೋಡಿದಳು, ನಿಜವಾಗಿತ್ತು. ಇಂಥ ಮನುಷ್ಯನನ್ನು ಬಿಟ್ಟರೆ ಸಿಗುವುದಿಲ್ಲ ಎಂದು ಆಗಲೇ ತೀರ್ಮಾನ ಮಾಡಿದಳಂತೆ.

ನಮ್ಮ ಶೆಡ್ಡು ತಗಡಿನ ಸೂರಿನದು. ನೆಲವನ್ನು ಮಾತ್ರ ಭಾವ ನೀರಿನ ಮಟ್ಟ ಹಿಡಿದು ಗಾಜಿನಂತೆ ಸಮ ಮಾಡಿಸಿದ್ದರು. ಹೊಸ ಚಾಸಿಯ ನಕ್ಷೆಯನ್ನು ಆ ನೆಲದ ಮೇಲೇ ಸೀಮೆಸುಣ್ಣದಲ್ಲಿ, ನಿಜವಾದ ಅಳತೆಗೇ ಬರೆಯುತ್ತಿದ್ದರು. ಅಲ್ಲಿ ಚಾಲಕನನ್ನು ಕೂರಿಸಿ, ಅವನ ಮೊಣಕಾಲು ಎಲ್ಲಿ ಬರುತ್ತದೆ, ಮೊಣಕೈ ಎಲ್ಲಿ ತಗಲುತ್ತದೆ ಎಂದು ಗೆರೆ ಎಳೆಯುತ್ತಿದ್ದರು. ಪೈಪು ಕತ್ತರಿಸಿ ನಾನು ಜೋಡಿಸಿದ ಮೇಲೆ ಚಾಸಿಯ ಹಿಂಭಾಗವನ್ನು ನೆಲಕ್ಕೆ ಬಿಗಿದು, ಮುಂಭಾಗಕ್ಕೆ ಉದ್ದ ತೊಲೆ ಕಟ್ಟಿ, ತೊಲೆಯ ಒಂದು ತುದಿಗೆ ಭಾರ ನೇತುಹಾಕಿ, ಎಷ್ಟು ತಿರುಚುತ್ತದೆ ಎಂದು ಅಳೆಯುತ್ತಿದ್ದರು. ಚಾಸಿಯೇ ಸ್ಪ್ರಿಂಗಿನ ಹಾಗೆ ಆಡಿದರೆ ಚಕ್ರದ ಹತ್ತಿರ ಎಷ್ಟು ಸುತ್ತು ತಿರುಗಿಸಿದರೂ ಗಾಳಿಗೆ ಗುದ್ದಿದಂತೆ ಎನ್ನುತ್ತಿದ್ದರು. ಕೊನೆಗೆ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ಯಂತ್ರ ಇಟ್ಟು, ಯಾವ ಮೂಲೆಯ ಮೇಲೆ ಎಷ್ಟು ಭಾರವಿದೆ ಎಂದು ನೋಡಿ ಸರಿ ಮಾಡುವ ಕೆಲಸ. ತಿರುಗಿಸಿದ ರಾಡು ಮತ್ತೆ ಸಡಿಲವಾಗದಂತೆ ಹಿಡಿಯುವ ಚೆಕ್ ನಟ್ಟು ಸೇರಿ ಪ್ರತಿ ನಟ್ಟನ್ನೂ ಬಿಗಿದ ಮೇಲೆ ನಟ್ಟು ಮತ್ತು ರಾಡು ಎರಡಕ್ಕೂ ಸೇರಿಸಿ ಸಣ್ಣ ಕುಂಚದಲ್ಲಿ ಒಂದು ಹಳದಿ ಗೆರೆ ಎಳೆಯುತ್ತಿದ್ದರು. ನಟ್ಟು ಕೂದಲಿನಷ್ಟು ಸಡಿಲವಾದರೂ ಗೆರೆ ಒಡೆದು ಕಾಣುತ್ತದೆ.

ಸತ್ತುಹೋದವರು ಒಬ್ಬ ಹಲ್ಲಿನ ಡಾಕ್ಟರು. ಇಪ್ಪತ್ತೊಂಬತ್ತು ವರ್ಷ. ವಾರವಿಡೀ ಜನರ ಹಲ್ಲು ಕೀಳುವುದು, ಭಾನುವಾರ ನಾವು ಕಟ್ಟಿದ ಕಾರಿನಲ್ಲಿ ರೇಸ್ ಓಡಿಸುವುದು. ಶೆಡ್ಡಿಗೆ ಬಂದಾಗಲೆಲ್ಲ ಟಾರ್ಚ್ ಹಿಡಿದು ನಮ್ಮೆಲ್ಲರ ಬಾಯಿ ನೋಡುತ್ತಿದ್ದರು. "ಬಾಯಿ ತೆಗೀರಿ ಕಿಡಿ ಅವ್ರೇ, ಬೈಯೋಕಲ್ಲ, ತೋರ್ಸೋಕೆ" ಎನ್ನುತ್ತಿದ್ದರು. ಭಾವನಿಗೆ ಅವರ ಮೇಲೆ ಜೀವ. ಕಾರು ಏನು ಮಾಡುತ್ತಿದೆ ಎಂದು ಅವರಷ್ಟು ಚೆನ್ನಾಗಿ ಹೇಳುವ ಚಾಲಕ ಇನ್ನೊಬ್ಬ ಸಿಗಲಿಲ್ಲ. ಅಷ್ಟು ಒಳ್ಳೆಯ ಮನುಷ್ಯ ಸಾಯಬಾರದಿತ್ತು.

ಆ ವಾರ ಕಾರಿನ ಹಿಂಭಾಗ ಬ್ರೇಕ್ ಒತ್ತಿದಾಗ ಕುಣಿಯುತ್ತಿತ್ತು. ಎಡ ಹಿಂದಿನ ರಾಡು ಚಾಸಿಗೆ ಸೇರುವ ಜಾಗವನ್ನು ಒಂದು ಬೆರಳಿನಷ್ಟು ಕೆಳಗೆ ಇಳಿಸಬೇಕೆಂದು ಭಾವ ತೀರ್ಮಾನಿಸಿದರು. ಶನಿವಾರ ಸಂಜೆ ನಾನು ರಾಡನ್ನು ಚಾಸಿಗೆ ಹಿಡಿಯುವ ಹಳೆಯ ಬ್ರಾಕೆಟ್ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿದೆ, ಬಣ್ಣ ಹೊಡೆದು ಲಾರಿಗೆ ಹತ್ತಿಸಿದೆವು. ಭಾನುವಾರ ಬೆಳಗ್ಗೆ ಟ್ರ್ಯಾಕಿನಲ್ಲಿ ಡಾಕ್ಟರು ಎರಡು ಸುತ್ತು ಹಾಕಿ ಬಂದು, "ಪರ್ವಾಗಿಲ್ಲ, ಇನ್ನೊಂಚೂರು ಹಿಡಿತ ಬೇಕು" ಎಂದರು. ಭಾವ ಅದೇ ರಾಡಿಗೆ ಅರ್ಧ ಸುತ್ತು ಕೊಟ್ಟರು. ರೇಸಿನ ನಾಲ್ಕನೇ ಸುತ್ತಿನಲ್ಲಿ, ವೇಗದ ತಿರುವಿನಲ್ಲಿ, ಎಡ ಹಿಂದಿನ ಚಕ್ರ ಅಡ್ಡಕ್ಕೆ ತಿರುಗಿತು. ಕಾರು ನೇರ ಗೋಡೆಗೆ ಹೋಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಡಾಕ್ಟರು ಹೋಗಿಬಿಟ್ಟರು.

ಭಾವ ಗೋಡೆಯ ಹತ್ತಿರಕ್ಕೆ ಮೊದಲು ಓಡಿದವರು. ಡಾಕ್ಟರನ್ನು ಹೊರಗೆ ಎಳೆದವರಲ್ಲಿ ಅವರೂ ಒಬ್ಬರು. ಸಂಜೆ ಟೆಂಟಿನಲ್ಲಿ ರೇಸ್ ನಡೆಸುವವರ ಕಡೆಯ ಮೂವರು ಕೂತು ವಿಚಾರಿಸಿದಾಗ, ಅವರು ಕೇಳುವ ಮೊದಲೇ ಭಾವ ಹೇಳಿಬಿಟ್ಟರು. "ಎಡ ಹಿಂದಿನ ರಾಡು ಬೆಳಗ್ಗೆ ನಾನೇ ತಿರುಗ್ಸಿದ್ದು. ಚೆಕ್ ನಟ್ ಬಿಗಿ ಮಾಡೋದು ಮರ್ತೆ. ತಪ್ಪು ನಂದೇ." ತಪ್ಪು ಒಪ್ಪಿಕೊಂಡವನು ಎದುರಿಗೇ ನಿಂತಿರುವಾಗ ನಜ್ಜುಗುಜ್ಜಾದ ಕಾರಿನ ಕೆಳಗೆ ನುಸುಳಿ ನೋಡುವವರು ಯಾರು? ಬರೆದುಕೊಂಡರು, ಸಹಿ ಹಾಕಿಸಿಕೊಂಡರು, ಎರಡು ವರ್ಷ ಟ್ರ್ಯಾಕಿಗೆ ಕಾಲಿಡಬಾರದು ಎಂದರು.

ಕಾರಿನ ಅವಶೇಷ ನಮ್ಮ ಶೆಡ್ಡಿಗೇ ಬಂತು. ಭಾವ ಅದನ್ನು ಹಿಂದಿನ ಮೂಲೆಗೆ ತಳ್ಳಿ, ನೀಲಿ ಟಾರ್ಪಾಲ್ ಹೊದಿಸಿ, ಸುತ್ತ ಹಗ್ಗ ಬಿಗಿದರು. "ಯಾರೂ ಮುಟ್ಬೇಡಿ" ಎಂದರು. ಹನ್ನೊಂದು ವರ್ಷ ಯಾರೂ ಮುಟ್ಟಲಿಲ್ಲ. ಆ ಮೂಲೆಗೆ ಗಾಳಿ ಬಂದಾಗ ಟಾರ್ಪಾಲ್ ಉಬ್ಬಿ ಇಳಿಯುತ್ತಿತ್ತು, ಒಳಗೆ ಯಾರೋ ಉಸಿರಾಡುತ್ತಿರುವಂತೆ. ಮಧ್ಯಾಹ್ನ ತಗಡು ಕಾದಾಗ ಅದರೊಳಗಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಕಬ್ಬಿಣ ಕಾದರೆ ಸದ್ದು ಮಾಡುತ್ತದೆ, ಅಷ್ಟು ನನಗೂ ಗೊತ್ತು. ಆದರೂ ಆ ಕಡೆ ಬೆನ್ನು ಹಾಕಿ ಕೆಲಸ ಮಾಡಲು ನನಗೆ ಆಗುತ್ತಿರಲಿಲ್ಲ, ಮೆಷಿನ್ನನ್ನೇ ತಿರುಗಿಸಿ ಇಟ್ಟುಕೊಂಡೆ.

ಭಾವ ಮತ್ತೆ ಕೆಲಸಕ್ಕೆ ಇಳಿದರು, ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ. ಆದರೆ ಮೊದಲಿನ ಮನುಷ್ಯನಲ್ಲ. ಒಂದು ದಿನ ಹೊಸ ಕಾರನ್ನು ತೂಕದ ಯಂತ್ರಗಳ ಮೇಲೆ ನಿಲ್ಲಿಸಿ, ಚಾಲಕನ ಬದಲು ಸೀಟಿನಲ್ಲಿ ಮರಳಿನ ಚೀಲ ಇಟ್ಟಿದ್ದರು. ನಾನು ಬಾಗಿಲ ಬಳಿ ಟೀ ಕುಡಿಯುತ್ತಿದ್ದೆ. ಭಾವ ಕಾರಿನ ಕೆಳಗಿನಿಂದ, "ಡಾಕ್ಟ್ರೇ, ಒಂಚೂರು ಬಲಕ್ಕೆ ಸರೀರಿ" ಎಂದರು. ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವರು ತಲೆ ಎತ್ತಿ ಚೀಲವನ್ನು ನೋಡಿದರು, ಆಮೇಲೆ ಎದ್ದು ಅದನ್ನು ತಾವೇ ಬಲಕ್ಕೆ ಸರಿಸಿ ಮತ್ತೆ ಕೆಳಗೆ ನುಸುಳಿದರು.

ವರ್ಷಕ್ಕೊಮ್ಮೆ, ಅದೇ ತಾರೀಖಿಗೆ, ಡಾಕ್ಟರ ತಾಯಿಯ ಮನೆಗೆ ಹೋಗುತ್ತಿದ್ದರು. ಮೂರನೇ ಮಹಡಿ. ಆಯಮ್ಮ ಒಬ್ಬರೇ ಇದ್ದದ್ದು. ಒಂದು ವರ್ಷ ನಾನೇ ಗಾಡಿ ಓಡಿಸಿಕೊಂಡು ಹೋಗಿ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದೆ. ಬಾಗಿಲು ತೆರೆದದ್ದೇ ತಡ, ಆಯಮ್ಮ ಬಾಯಿಗೆ ಬಂದಂತೆ ಬೈದರು. "ನಿನ್ನ ಕೈ ಸೇದಿಹೋಗ! ಒಂದು ನಟ್ಟು ಬಿಗಿಯೋಕಾಗದ ಕೈ ಯಾಕೆ ಬೇಕು ನಿಂಗೆ? ನನ್ನ ಮಗನ್ನ ತಿಂದ್ಯಲ್ಲೋ!" ಭಾವ ತಲೆ ಬಗ್ಗಿಸಿ ನಿಂತೇ ಇದ್ದರು. ಆಯಮ್ಮ ಬೈದು ಸುಸ್ತಾದ ಮೇಲೆ, "ಬರ್ತೀನಮ್ಮ" ಎಂದು ಇಳಿದು ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲಾ ಭಾವ, ಪ್ರತಿ ವರ್ಷ ಇದನ್ನ ಕೇಳ್ಸ್ಕೊಳ್ಳೋಕೆ ಬರ್ತೀರಾ? ಹುಚ್ಚಾ ನಿಮ್ಗೆ?" ಎಂದೆ. "ಅವ್ರಿಗೆ ಬೈಯೋಕೆ ಒಬ್ರು ಬೇಕಲ್ಲೋ" ಎಂದರು.

ಇನ್ನು ನನ್ನ ಬಾಯಿಯ ವಿಷಯ. ಡಾಕ್ಟರು ಹೋಗಿ ಮೂರು ವರ್ಷವಾಗಿತ್ತು. ಒಂದು ಬೆಳಗ್ಗೆ ಶೆಡ್ಡಿಗೆ ಬೇಗ ಬಂದೆ. ಹಿಂದಿನ ದಿನ ನಾನು ಮುಗಿಸಿದ್ದ ಚಾಸಿಯ ಪಕ್ಕ ಭಾವ ಮಂಡಿಯೂರಿ ಕೂತಿದ್ದಾರೆ, ನನ್ನ ವೆಲ್ಡಿಂಗಿನ ಮೇಲೆಲ್ಲ ಕೆಂಪು ಬಣ್ಣ! ಬಿರುಕು ಹುಡುಕುವ ಕ್ರಮ ಅದು. ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕು ಇದ್ದ ಕಡೆ ಒಳಗಿನ ಕೆಂಪು ಹೊರಗೆ ಒಸರಿ ಗೆರೆಯಾಗುತ್ತದೆ. ನಾನು ಮನೆಗೆ ಹೋದ ಮೇಲೆ, ಬರುವ ಮೊದಲು, ನನ್ನ ಒಂದೊಂದು ಕೆಲಸವನ್ನೂ ಹೀಗೆ ಕದ್ದು ಪರೀಕ್ಷಿಸುತ್ತಿದ್ದರು ಎಂದು ಅವತ್ತು ಗೊತ್ತಾಯಿತು. ಪಿತ್ತ ನೆತ್ತಿಗೇರಿತು. ಪೈಪು ಕತ್ತರಿಸುವವನು, ಬಣ್ಣದವನು ಎಲ್ಲರೂ ಒಳಗೆ ಬರುತ್ತಿದ್ದರು. ಅವರೆದುರಿಗೇ ಅಂದುಬಿಟ್ಟೆ.

"ನಟ್ಟು ಬಿಗಿ ಮಾಡ್ದೆ ಮನುಷ್ಯನ್ನ ಸಾಯ್ಸಿದ್ದು ನೀವು. ಪರೀಕ್ಷೆ ನನ್ನ ಕೆಲ್ಸಕ್ಕಾ?"

ಭಾವ ನನ್ನನ್ನು ನೋಡಲಿಲ್ಲ. "ಆ ಬಟ್ಟೆ ಕೊಡು" ಎಂದು ಕೈ ಚಾಚಿದರು. ನಾನು ಕೊಡಲಿಲ್ಲ, ಹೊರಗೆ ಹೋದೆ. ಅಕ್ಕ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಅವರು ಪರೀಕ್ಷೆ ಬಿಡಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ.

ಹೋದ ವರ್ಷ ಶೆಡ್ಡಿನ ಮಾಲೀಕ ಜಾಗ ಮಾರಿದ. ತಿಂಗಳೊಳಗೆ ಖಾಲಿ ಮಾಡಬೇಕು. ಎಲ್ಲ ಸಾಮಾನು ಹೋಯಿತು, ಟಾರ್ಪಾಲ್ ಹೊದ್ದದ್ದು ಉಳಿಯಿತು. "ಅದನ್ನ ಕೊನೇಲಿ ನಾನೇ ಕತ್ತರಿಸ್ತೀನಿ, ನೀನ್ ಮುಟ್ಬೇಡ" ಎಂದು ಹೇಳಿ ಭಾವ ಒಂದು ಕಾರಿನ ಜೊತೆ ಟ್ರ್ಯಾಕಿಗೆ ಹೋದರು. ನಾನು ಯೋಚಿಸಿದೆ: ಅರವತ್ತು ದಾಟಿದ ಮನುಷ್ಯ, ಆ ಕಾರನ್ನು ತನ್ನ ಕೈಯಾರೆ ಕತ್ತರಿಸಿದರೆ ಅಲ್ಲೇ ಕುಸಿದು ಕೂರುತ್ತಾರೆ. ಅವರು ಬರುವಷ್ಟರಲ್ಲಿ ಮುಗಿಸಿಬಿಡೋಣ. ಗುಜರಿಯವನಿಗೆ ಹನ್ನೊಂದು ಗಂಟೆಗೆ ಬರಲು ಹೇಳಿ, ಹಗ್ಗ ಕತ್ತರಿಸಿ ಟಾರ್ಪಾಲ್ ಎಳೆದೆ.

ಧೂಳು ಇಳಿದ ಮೇಲೆ ಮೊದಲು ನನ್ನ ಕಣ್ಣು ಹೋದದ್ದು ಎಡ ಹಿಂದಿನ ರಾಡಿಗೆ. ಹೋಗದೆ ಇರುತ್ತದೆಯೇ? ಬಗ್ಗಿ, ಕೈಯಿಂದ ಧೂಳು ಒರೆಸಿದೆ. ಚೆಕ್ ನಟ್ಟು ಇತ್ತು. ಅದರ ಮೇಲೆ ಹಳದಿ ಗೆರೆ ಇತ್ತು. ಗೆರೆ ಒಡೆದಿರಲಿಲ್ಲ, ನಟ್ಟಿನಿಂದ ರಾಡಿಗೆ ನೇರವಾಗಿ ಹೋಗಿತ್ತು. ಸ್ಪ್ಯಾನರ್ ಹಾಕಿ ನೋಡಿದೆ, ಅಲ್ಲಾಡಲಿಲ್ಲ.

ನಾನು ಖಾಲಿ ಶೆಡ್ಡಿನಲ್ಲಿ ಒಬ್ಬನೇ ಕೂಗಿಬಿಟ್ಟೆ. ಅಯ್ಯೋ ದೇವರೇ, ಭಾವ ನಟ್ಟು ಬಿಗಿದಿದ್ದರು! ಹನ್ನೊಂದು ವರ್ಷ ಸುಮ್ಮನೆ ಸುಟ್ಟುಕೊಂಡರು! ಖುಷಿಗೆ ಕಣ್ಣಲ್ಲಿ ನೀರು ಬಂತು. ಫೋನ್ ತೆಗೆದು ಅವರಿಗೆ ಹಚ್ಚಿದೆ. ಅದು ಅತ್ತ ರಿಂಗಾಗುತ್ತಿರುವಾಗ, ಹಾಗಾದರೆ ಚಕ್ರ ಯಾಕೆ ತಿರುಗಿತು ಎಂದು ರಾಡಿನ ಇನ್ನೊಂದು ತುದಿ ನೋಡಿದೆ. ರಾಡು ಬ್ರಾಕೆಟ್ಟನ್ನೂ ಜೊತೆಗೆ ಕಚ್ಚಿಕೊಂಡು ನೇತಾಡುತ್ತಿತ್ತು. ಬ್ರಾಕೆಟ್ಟು ಚಾಸಿಯಿಂದ ಕಿತ್ತು ಬಂದಿತ್ತು. ಪೈಪು ಹರಿದಿರಲಿಲ್ಲ. ವೆಲ್ಡಿಂಗೇ ಬಿಟ್ಟಿತ್ತು, ಒಳಗೆಲ್ಲ ಸ್ಪಂಜಿನ ಹಾಗೆ ತೂತು.

ಅಂಥ ತೂತು ಯಾವಾಗ ಬರುತ್ತದೆ ಎಂದು ಕೆಲಸ ಕಲಿತ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಆರ್ಗಾನ್ ಗ್ಯಾಸು ಕಾದ ಲೋಹವನ್ನು ಗಾಳಿ ತಾಗದಂತೆ ಮುಚ್ಚಿ ಕಾಯುತ್ತದೆ, ಆ ಗ್ಯಾಸು ಹಾರಿಹೋದರೆ ಬೆಸುಗೆ ಟೊಳ್ಳು. ಆ ಶನಿವಾರ ಸಂಜೆ ವಿಪರೀತ ಸೆಕೆಯಿತ್ತು. ಲಾರಿ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಟೇಬಲ್ ಫ್ಯಾನನ್ನು ನನ್ನ ಬೆನ್ನಿಗೆ ಇಟ್ಟುಕೊಂಡು ವೆಲ್ಡ್ ಮಾಡಿದ್ದೆ. ಒಂದೇ ಒಂದು ಸಲ. ಮರೆತೂ ಹೋಗಿತ್ತು.

ಅಷ್ಟೇ ಅಲ್ಲ. ಬಿಟ್ಟುಹೋದ ಆ ವೆಲ್ಡಿಂಗಿನ ಸುತ್ತ ಬಿಳಿ ಪುಡಿ ಮೆತ್ತಿತ್ತು, ತೂತುಗಳ ಅಂಚಿನಲ್ಲಿ ಕೆಂಪು ಒಸರಿ ಒಣಗಿತ್ತು. ಹಳೆಯದು, ಧೂಳಿನ ಅಡಿಯದು. ಟಾರ್ಪಾಲ್ ಹೊದಿಸುವ ಮೊದಲೇ ಯಾರೋ ಪರೀಕ್ಷೆ ಮಾಡಿ ನೋಡಿದ್ದರು.

"ಹೇಳೋ" ಎಂದರು ಭಾವ ಫೋನಿನಲ್ಲಿ.

ಫೋನನ್ನು ಕಿವಿಗೆ ಹಿಡಿದೇ ಆ ಒಣಗಿದ ಕೆಂಪನ್ನು ಉಗುರಿನಿಂದ ಕೆರೆದೆ.

"ಏನೋ? ಹೇಳು. ಗಾಡಿ ಸದ್ದು, ಕೇಳಿಸ್ತಿಲ್ಲ." ಆಮೇಲೆ ಅವರ ದನಿ ಇಳಿಯಿತು. "ಟಾರ್ಪಾಲ್ ತೆಗೆದ್ಯಾ?"

ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ.

"ಅಲ್ಲೇ ಕೂತಿರು. ನಾನ್ ಬರ್ತೀನಿ. ಎಲ್ಲೂ ಹೋಗ್ಬೇಡ, ನನ್ನಾಣೆ."

ಗುಜರಿಯವನನ್ನು ವಾಪಸ್ ಕಳಿಸಿ ನೆಲದ ಮೇಲೆ ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ಭಾವ ಬಂದು ನನ್ನ ಪಕ್ಕ ಕೂತರು.

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಡಾಕ್ಟ್ರನ್ನ ಹೊರಗೆ ಎಳೆಯೋವಾಗ್ಲೇ ಕಂಡಿತ್ತು. ನನ್ನ ಕಣ್ಣೇ ತಪ್ಪಿರ್ಬೋದು ಅಂತ ಆಮೇಲೆ ಬಣ್ಣ ಬಳಿದು ನೋಡ್ದೆ. ತಪ್ಪಿರ್ಲಿಲ್ಲ."

"ನನ್ಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಮಗು ಹುಟ್ಟಿ ಹದಿನೈದು ದಿನ ಆಗಿತ್ತು ಕಣೋ. ಹೇಳಿದ್ರೆ ನೀನು ಮತ್ತೆ ವೆಲ್ಡಿಂಗ್ ಟಾರ್ಚು ಹಿಡೀತಿದ್ಯಾ? ಬದುಕಿರ್ತಿದ್ಯಾ? ನಿನ್ನ ಬುದ್ಧಿ ನಂಗೊತ್ತಿಲ್ವಾ? ನಿನ್ನಕ್ಕನ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?" ಕಾಲಿಗೆ ಸಿಕ್ಕ ಟಾರ್ಪಾಲನ್ನು ಪಕ್ಕಕ್ಕೆ ಸರಿಸಿ ಹೇಳಿದರು. "ನಾನೇನು ದೇವ್ರಲ್ಲ. ಆ ಸಂಜೆ ನಿನ್ನ ವೆಲ್ಡಿಂಗು ನೋಡಿದ್ದೆ. ಹೊಳೀಬೇಕಾದ್ದು ಬೂದಿ ಬಣ್ಣಕ್ಕಿತ್ತು. ಮನಸ್ಸು ಕೊರೀತು. ಲಾರಿಯವ್ನು ಅವಸರ ಮಾಡ್ತಿದ್ದ, ಕಪ್ಪು ಬಣ್ಣ ಹೊಡೀರಿ ಅಂದೋನು ನಾನೇ. ತಪ್ಪು ನಂದು ಅಂದಿದ್ದು ಪೂರ್ತಿ ಸುಳ್ಳಲ್ಲ."

"ಇದನ್ನ ಇಟ್ಕೊಂಡ್ರಿ ಯಾಕೆ? ಅವತ್ತೇ ಗುಜರಿಗೆ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಎಷ್ಟೋ ಸಲ ಹೊರಟೆ. ಕೈ ಬರ್ಲಿಲ್ಲ. ಇದೂ ಹೋದ್ರೆ ನಾನು ನಟ್ಟು ಬಿಗಿದಿದ್ದೆ ಅನ್ನೋದು ನಂಗೇ ಮರ್ತುಹೋಗುತ್ತೆ ಅನ್ನಿಸ್ತು."

ಅವರ ಕಾಲು ಹಿಡಿದುಕೊಂಡು ಅತ್ತೆ. ಮೂರನೇ ವರ್ಷ ನಾನು ಅಂದ ಮಾತಿಗೆ ಅವತ್ತು ಕ್ಷಮೆ ಕೇಳಿದೆ. "ಬಿಡೋ, ಮೂಗು ಒರೆಸ್ಕೋ" ಎಂದರು.

ಮಾರನೆಯ ದಿನ ಡಾಕ್ಟರ ತಾಯಿಗೆ ಹೇಳಲೇಬೇಕೆಂದು ಹಟ ಹಿಡಿದೆ. "ಹೇಳಿ ಯಾರಿಗೆ ಉಪಕಾರ ಆಗ್ಬೇಕು?" ಎಂದು ಭಾವ ಬೇಡಿಕೊಂಡರು, ನಾನು ಕೇಳಲಿಲ್ಲ. ಕೊನೆಗೆ ವ್ಯಾನಿನಲ್ಲಿ ಅವರೇ ಕರೆದುಕೊಂಡು ಹೋದರು. ಮೇಲೆ ಬರಬೇಡಿ ಎಂದು ಕೈ ಮುಗಿದು, ಒಬ್ಬನೇ ಮೂರು ಮಹಡಿ ಹತ್ತಿ ಬೆಲ್ ಒತ್ತಿದೆ.

ಆಯಮ್ಮ ಬಾಗಿಲು ತೆರೆದರು. ತುಂಬ ಇಳಿದುಹೋಗಿದ್ದರು.

"ನಾನು ಅರ್ಧಸುತ್ತಿನ ಬಾಮೈದ ಅಮ್ಮ. ವೆಲ್ಡರ್."

"ಅವ್ರಿಗೇನಾಯ್ತು?" ಎಂದರು ತಟ್ಟನೆ.

"ಅವ್ರು ಚೆನ್ನಾಗಿದ್ದಾರೆ." ಹೊಸ್ತಿಲಲ್ಲಿ ನಿಂತೇ ಎಲ್ಲ ಹೇಳಿದೆ. ಫ್ಯಾನು, ವೆಲ್ಡಿಂಗು, ಹಳದಿ ಗೆರೆ, ಭಾವ ನೋಡಿಯೂ ಬಣ್ಣ ಹೊಡೆಸಿದ್ದು, ಟೆಂಟಿನಲ್ಲಿ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಆಯಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಗೊತ್ತಿದ್ದೂ ಪ್ರತಿ ವರ್ಷ ಬಂದು ನಿಂತ್ರಾ ಅವ್ರು?"

"ಹೌದಮ್ಮ." "ಬೈಯಿರಿ ಅಮ್ಮ. ಅದೆಲ್ಲ ನನಗೆ ಸೇರ್ಬೇಕಾದ್ದು. ಹೊಡೀರಿ ಬೇಕಾದ್ರೆ."

ಆಯಮ್ಮ ನನ್ನ ಮುಖವನ್ನೇ ನೋಡಿದರು. "ಇಲ್ಲಪ್ಪ" ಎಂದರು. "ಎಲ್ಲಾ ಅವ್ರಿಗೇ ಬೈದು ಮುಗಿಸ್ಬಿಟ್ಟೆ. ನನ್ನ ಹತ್ರ ಏನೂ ಉಳಿದಿಲ್ಲ." ಗೋಡೆ ಹಿಡಿದು ಎದ್ದು, ಮೆಲ್ಲಗೆ ಬಾಗಿಲು ಮುಚ್ಚಿಕೊಂಡರು.

ಕೆಳಗೆ ವ್ಯಾನಿನಲ್ಲಿ ಭಾವ ಸ್ಟೇರಿಂಗ್ ಹಿಡಿದು ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡೆ.

"ಬೈದ್ರಾ?"

"ಇಲ್ಲ ಭಾವ."

ಅವರು ಗಾಡಿ ಸ್ಟಾರ್ಟ್ ಮಾಡಲಿಲ್ಲ. ನನ್ನ ಕಡೆ ತಿರುಗಿ, ಕತ್ತಿನ ಹಿಂದೆ ಕೈ ಇಟ್ಟರು.

"ಬೈದಿದ್ರೆ ಚೆನ್ನಾಗಿತ್ತು ಕಣೋ" ಎಂದರು.